ಎಡಕ್ಕೆ ಬಾರದ ಸ್ಟೇರಿಂಗು

ಹೆಂಗಸು ಗ್ಯಾರೇಜು ಇಟ್ಟರೆ ಮೂರು ತಿಂಗಳು, ಆಮೇಲೆ ಬಾಗಿಲು ಅಂದವರು ನಮ್ಮ ಸೋದರಮಾವ ವೆಂಕಟರಂಗಯ್ಯ. ಹೆಬ್ಬೂರಿನ ನಮ್ಮ ಮನೆ ಜಗಲಿಯ ಮೇಲೆ, ಹತ್ತು ಜನರ ಮುಂದೆ, ಎಲೆಅಡಿಕೆ ಜಗಿಯುತ್ತಾ ಅಂದರು. ಸ್ಪ್ಯಾನರ್ ಹಿಡಿಯೋದು ಸೌಟು ಹಿಡಿದಷ್ಟು ಸಲೀಸಲ್ಲ ಅಂತಲೂ ಸೇರಿಸಿದರು. ಎಲ್ಲರೂ ನಕ್ಕರು. ನಮ್ಮಮ್ಮನೂ ನಕ್ಕಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗುಜರಿ ಅಂಗಡಿಗೆ ತೂಕಕ್ಕೆ ಬಂದಿದ್ದ ಇಂಗ್ಲಿಷ್ ರಿಪೇರಿ ಪುಸ್ತಕಗಳನ್ನು ತಂದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಒಂದು ಪುಟಕ್ಕೆ ನಾಲ್ಕು ರಾತ್ರಿಯಂತೆ ಓದಿ ಕೆಲಸ ಕಲಿತೆ. ಹದಿನಾರು ವರ್ಷ ಆಯಿತು. ಬಾಗಿಲು ಹಾಕಿಲ್ಲ.

ಆದರೆ ಈಗ ಹೇಳುತ್ತಿರುವುದು ನನ್ನ ಚಿಕ್ಕಪ್ಪನ ಮಗ ಬೆಟ್ಟಸ್ವಾಮಿಗೆ ಆದದ್ದು. ಅವನು ಇದಾನೆ. ಹೆಬ್ಬೂರಿನಲ್ಲೇ ಇದಾನೆ. ನಂಬದವರು ಹೋಗಿ ಕೇಳಬಹುದು... ಹಗಲು ಹೊತ್ತು ಕೇಳಿ. ದೀಪ ಹಚ್ಚಿದ ಮೇಲೆ ಅವನು ಈ ಮಾತು ಎತ್ತುವುದಿಲ್ಲ.

ನನ್ನ ಗ್ಯಾರೇಜು ಗುಬ್ಬಿ ರಸ್ತೆಯಲ್ಲಿ, ತುಮಕೂರು ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ. ಶೆಡ್ಡಿನಿಂದ ಟಾರು ರಸ್ತೆಗೆ ಇನ್ನೂರು ಹೆಜ್ಜೆ ಮಣ್ಣಿನ ದಾರಿ. ನಡುವೆ ಒಂದು ಹಳೇ ಬಾವಿ. ನೀರಿಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದೆ. ರಾಟೆ ಮಾತ್ರ ಕಂಬದಲ್ಲಿ ಹಾಗೇ ಇದೆ. ಗಾಳಿ ಬೀಸಿದರೆ ಕಿರ್... ಕಿರ್... ಅನ್ನುತ್ತೆ. ಬೆಟ್ಟಸ್ವಾಮಿ ಆಗ ನನ್ನ ವೆಲ್ಡರು. ಮೊದಲ ದಿನದಿಂದ ನನ್ನ ಜೊತೆ ಇದ್ದವನು. ಮೂವತ್ತೈದರ ಗಂಡಸು, ಎರಡು ಮಕ್ಕಳ ತಂದೆ. ರಸ್ತೆಯ ಆಚೆ ಬಾಡಿಗೆ ಮನೆ. ದಿನಾ ಆ ಬಾವಿ ಪಕ್ಕದಲ್ಲೇ ಹೋಗಬೇಕಿತ್ತು.

ಎರಡು ವರ್ಷದ ಹಿಂದೆ, ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಇತ್ತು. ಕೆಲಸ ಮುಗಿದಾಗ ಹನ್ನೊಂದು ಗಂಟೆ. ನಾನು ಶಟರ್ ಎಳೆದು, ಬೀಗ ಹಾಕಿ, ಸ್ಕೂಟರ್ ಹತ್ತಿ ಹೊರಟೆ. ಅವನು ಮೊಬೈಲ್ ಟಾರ್ಚ್ ಹಿಡಿದು ನಡೆದ.

ಬಾವಿಯ ಹತ್ತಿರ ಬಂದಾಗ ರಾಟೆ ನಿಂತಿತು.

ಗಾಳಿ ಇತ್ತಂತೆ. ತೆಂಗಿನ ಗರಿ ಅಲ್ಲಾಡುತ್ತಿದ್ದವಂತೆ. ರಾಟೆ ಮಾತ್ರ ನಿಂತಿತು. ಆಗ ಹಿಂದಿನಿಂದ, ಶೆಡ್ಡಿನ ಒಳಗಿಂದ...

ಟಿಕ್.

ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್.

ಇಲಿಯ ಸದ್ದು ಅವನಿಗೆ ಗೊತ್ತು. ಬಿಸಿಯಾಗಿದ್ದ ತಗಡು ತಣ್ಣಗಾಗುವ ಸದ್ದೂ ಗೊತ್ತು. ಇದು ಅದಲ್ಲ. ಗ್ರೀಸ್ ಇಲ್ಲದ ಕ್ರಾಸನ್ನು ಯಾರೋ ನಿಧಾನಕ್ಕೆ ತಿರುಗಿಸುತ್ತಿರುವ ಸದ್ದು. ಎರಡು ದಂಡಗಳನ್ನು ಓರೆಯಾಗಿ ಸೇರಿಸುವ ಕೀಲಿಗೆ ನಾವು ಕ್ರಾಸ್ ಅನ್ನುತ್ತೇವೆ. ಒಣಗಿದ ಕ್ರಾಸ್ ತಿರುಗಿಸಿದರೆ ಒಳಗಿನ ಸೂಜಿಯಂಥ ರೋಲರುಗಳು ಹಾಗೇ ಅನ್ನುತ್ತವೆ. ಅವನು ಹದಿನಾಲ್ಕು ವರ್ಷ ಕೇಳಿದ ಸದ್ದು.

ಶೆಡ್ಡಿನಲ್ಲಿ ಆವತ್ತು ಇದ್ದದ್ದು ಒಂದೇ ಗಾಡಿ. ಅದರಲ್ಲಿ ಇನ್ನೂ ಒಂದೂ ಕ್ರಾಸ್ ಹಾಕಿರಲಿಲ್ಲ.

ಅದು ಕುಣಿಗಲ್ ತಾಲ್ಲೂಕು ಕೊತ್ತಗೆರೆಯಿಂದ ಬಂದಿದ್ದ ಪಿಕಪ್ಪು. ಅರವತ್ತು ವರ್ಷ ಮೇಲ್ಪಟ್ಟದ್ದು. ಗುಂಡು ಮೂತಿ, ಅಗಲ ಮಡ್‌ಗಾರ್ಡು, ಹಿಂದೆ ಮರದ ಹಲಗೆಯ ತೊಟ್ಟಿ. ಒಂದು ಕಾಲಕ್ಕೆ ತೆಂಗಿನಕಾಯಿ ಹೊತ್ತದ್ದು, ಆಮೇಲೆ ಮೂವತ್ತೈದು ವರ್ಷ ಕೊಬ್ಬರಿ ಶೆಡ್ಡಿನಲ್ಲಿ ಮೂಟೆಗಳ ಹಿಂದೆ ನಿಂತಿತ್ತು. ಯಜಮಾನ ಅನಂತರಾಜು. ನಲವತ್ತರ ಆಸುಪಾಸಿನ ಮನುಷ್ಯ, ಮಾತು ಮೆತ್ತಗೆ. ತಾತನ ಗಾಡಿ, ಆಯುಧಪೂಜೆಯ ದಿನ ರಸ್ತೆಗೆ ಇಳಿಯಬೇಕು ಅಂದ. ನನಗಿಂತ ಮುಂಚೆ ಮೂರು ಗ್ಯಾರೇಜಿನವರು ಆಗಲ್ಲ ಅಂದಿದ್ದರು. ಬಾಡಿ ಮಾಡಬಹುದು, ಇಂಜಿನ್ ಕೂರಿಸಬಹುದು, ಸ್ಟೇರಿಂಗ್ ಕೂರಲ್ಲ ಅಂದಿದ್ದರು. ಆ ಮಾತು ಕೇಳಿದ್ದೇ ನಾನು ಒಪ್ಪಿಕೊಂಡೆ.

ತೊಂದರೆ ಏನೆಂದರೆ, ಹಳೇ ಗಾಡಿಯ ಸ್ಟೇರಿಂಗಿಗೆ ಒಂದೇ ಉದ್ದದ ಉಕ್ಕಿನ ದಂಡ. ಮುಂದೆ ಬಂಪರಿನ ಹಿಂದೆ ಸ್ಟೇರಿಂಗ್ ಬಾಕ್ಸು. ಅಲ್ಲಿಂದ ದಂಡ ನೆಟ್ಟಗೆ ಡ್ರೈವರಿನ ಎದೆಯ ಕಡೆಗೆ ಬರುತ್ತೆ, ಈಟಿಯ ಹಾಗೆ. ನಾವು ಬಿಚ್ಚಿದಾಗ ಅದರ ಮೇಲ್ತುದಿ ಸ್ವಲ್ಪ ಸೊಟ್ಟಗಾಗಿತ್ತು. ಯಾಕೆ ಅಂತ ಕೇಳಿದೆ. ಮೇಲೆ ಮೂಟೆ ಬಿದ್ದಿತ್ತು ಅಂದ ಅನಂತರಾಜು. ನಾನು ಬಿಟ್ಟುಬಿಟ್ಟೆ.

ಈಗ ಕೂರಿಸಿದ್ದು ಬೇರೆ ಡೀಸೆಲ್ ಇಂಜಿನ್ನು. ಅದರ ಸೈಲೆನ್ಸರ್ ಪೈಪು ಬಲಗಡೆಯೇ ಇಳಿಯುತ್ತೆ, ಸರಿಯಾಗಿ ಆ ದಂಡದ ದಾರಿಗೆ ಅಡ್ಡ. ಅಂದಮೇಲೆ ದಂಡ ಪೈಪನ್ನು ತಪ್ಪಿಸಿಕೊಂಡು ಹೋಗಬೇಕು. ಉಕ್ಕು ಬಳುಕುವುದಿಲ್ಲ. ತುಂಡು ಮಾಡಿ ನಡುವೆ ಕ್ರಾಸ್ ಹಾಕಬೇಕು. ಎರಡು ಕ್ರಾಸ್ ಹಾಕಿದರೆ ಪೈಪಿನ ಕೆಳಗೆ ನುಸುಳಿ ಹೋಗುತ್ತೆ, ಆದರೆ ಒಂದೇ ಬೆರಳಿನಷ್ಟು ಸಂದು. ಮೂರು ಕ್ರಾಸ್ ಹಾಕಿದರೆ ಇನ್ನೂ ಕೆಳಗಿಳಿಸಿ ಚಾಸಿಯ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿನ ಪಕ್ಕಕ್ಕೇ ಕರೆದುಕೊಂಡು ಹೋಗಬಹುದು. ಆದರೆ ಆಗ ನಡುವಿನ ದಂಡ ಜೋಲಾಡುತ್ತೆ, ಅದನ್ನು ಹಿಡಿಯೋಕೆ ಚಾಸಿಗೆ ಒಂದು ಬೇರಿಂಗು ಕೂರಿಸಬೇಕು. ಹೆಚ್ಚು ಕೆಲಸ.

ನಮ್ಮಲ್ಲಿ ಒಂದು ಪದ್ಧತಿ. ಉಕ್ಕು ಕತ್ತರಿಸುವ ಮುಂಚೆ ಬಿದಿರಿನಲ್ಲಿ ದಾರಿ ನೋಡುತ್ತೇವೆ. ಬಿದಿರು ಕಡ್ಡಿಯನ್ನು ತುಂಡು ಮಾಡಿ, ಕ್ರಾಸ್ ಬರುವ ಕಡೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿ, ಗಾಡಿಯ ಕೆಳಗೆ ಹಿಡಿದು ನೋಡುವುದು. ಬಿದಿರು ಹೋದರೆ ಉಕ್ಕೂ ಹೋಗುತ್ತೆ.

ಮೂರು ಕ್ರಾಸ್ ಅಂತ ಮೊದಲು ಅಂದವನು ಬೆಟ್ಟಸ್ವಾಮಿ. ಅನಂತರಾಜುವಿನ ಎದುರೇ ಅಂದುಬಿಟ್ಟ. ನನಗೆ ಅದು ಹಿಡಿಸಲಿಲ್ಲ. ಎರಡೇ ಸಾಕು ಅಂದೆ. ನನ್ನ ಪುಸ್ತಕದಲ್ಲಿ ಬಿಸಿ ಪೈಪಿಗೂ ದಂಡಕ್ಕೂ ಎರಡು ಬೆರಳು ಸಂದು ಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ಓದಿದ್ದೆ. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೀಟೂ ಎಳೆದಿದ್ದೆ. ಆದರೂ ಒಂದು ಬೆರಳು ಸಾಕು ಅಂದೆ. ಎರಡು ಗಂಟು ಹಾಕಿದ ಬಿದಿರನ್ನು ಬೈಂಡಿಂಗ್ ವೈರಿನಲ್ಲಿ ಪೈಪಿನ ಕೆಳಗೆ ಕಟ್ಟಿದೆವು.

ಬೆಟ್ಟಸ್ವಾಮಿ ಆ ಸದ್ದು ಕೇಳಿದ್ದು ಅದೇ ರಾತ್ರಿ. ಅವನು ತಿರುಗಿ ನೋಡಲಿಲ್ಲ. ಮನೆಗೆ ಹೋಗಿ, ಕಾಲು ತೊಳೆಯದೆ ಮಲಗಿದನಂತೆ.

ಬೆಳಿಗ್ಗೆ ನಾನೇ ಬೀಗ ತೆಗೆದೆ. ಬಿದಿರು ನಾವು ಕಟ್ಟಿದ ಕಡೆ ಇರಲಿಲ್ಲ. ಒಂದು ಗೇಣು ಕೆಳಗೆ, ಚಾಸಿಯ ಪಕ್ಕಕ್ಕೆ ಇಳಿದಿತ್ತು. ಉದ್ದದ ತುಂಡು ನಡುವೆ ಮುರಿದಿತ್ತು. ಮುರಿದ ಕಡೆ ಹೊಸದಾಗಿ ಟ್ಯೂಬಿನ ಪಟ್ಟಿ ಸುತ್ತಿ ಮೂರನೇ ಗಂಟು ಹಾಕಿತ್ತು.

ನಾನು ಬೆಟ್ಟಸ್ವಾಮಿಯ ಮುಖ ನೋಡಿದೆ. ಅವನು ಬಿದಿರು ನೋಡುತ್ತಿದ್ದ.

ನನಗೆ ಪಾಠ ಹೇಳೋಕೆ ರಾತ್ರಿ ಬಂದು ಮಾಡಿದೀಯ ಅಂದುಕೊಂಡೆ. ಬಾಯಲ್ಲಿ ಅನ್ನಲಿಲ್ಲ. ಬಿದಿರನ್ನು ಬಿಚ್ಚಿ, ಹೊಸ ಕಡ್ಡಿ ತಂದು, ಮೊದಲಿನ ಹಾಗೇ ಎರಡು ಗಂಟಿನಲ್ಲಿ ಕಟ್ಟಿಸಿದೆ. ಮರುದಿನ ಬೆಳಿಗ್ಗೆ ಮತ್ತೆ ಕೆಳಗೆ ಇಳಿದಿತ್ತು. ಮತ್ತೆ ಮೂರು ಗಂಟು.

ಆವತ್ತು ಕೇಳಿದೆ.

"ಬೀಗದ ಕೈ ಯಾವಾಗ್ ಮಾಡಿಸ್ಕೊಂಡ್ಯಲಾ ಬೆಟ್ಟ?"

"ನಾನ್ ಯಾಕಕ್ಕ ಮಾಡಿಸ್ಕೊಳ್ಲಿ."

"ಮತ್ತೆ ಇದು ತಾನಾಗೇ ಇಳೀತಾ?"

ಅವನು ಮೊದಲ ರಾತ್ರಿ ಕೇಳಿದ ಸದ್ದಿನ ವಿಷಯ ಹೇಳಿದ. ನಾನು ನಕ್ಕೆ. ನಗಬಾರದಿತ್ತು. ನನ್ ಕೈಲಿ ಕೆಲಸ ಕಲಿತವನು ನನಗೇ ದೆವ್ವ ತೋರಿಸಿ ಹೆದರಿಸ್ತೀಯ ಅಂದೆ. ಎದುರಿಗೆ ಹೇಳೋಕೆ ಧೈರ್ಯ ಇಲ್ಲದೆ ಬಿದಿರು ಮುರೀತೀಯ ಅಂದೆ. ಇನ್ನೂ ಏನೇನೋ ಅಂದೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮಕ್ಕಳ ಮೇಲೆ ಆಣೆ ಕಣಕ್ಕ, ನಾನಲ್ಲ ಅಂದ.

ಒಂದು ವಿಷಯ ನಾನು ಆವತ್ತು ಯಾರಿಗೂ ಹೇಳಲಿಲ್ಲ. ಆ ಮೂರನೇ ಗಂಟನ್ನು ನಾನು ಹತ್ತಿರದಿಂದ ನೋಡಿದ್ದೆ. ಬೆಟ್ಟಸ್ವಾಮಿಯ ಗಂಟು ನನಗೆ ಗೊತ್ತು, ಬಲಕ್ಕೆ ಸುತ್ತಿ ಒಳಗೆ ತೂರಿಸುತ್ತಾನೆ. ಇದು ಎಡಕ್ಕೆ ಸುತ್ತಿತ್ತು. ಮೂರು ಸುತ್ತು, ಆಮೇಲೆ ಎರಡೂ ತುದಿ ಒಟ್ಟಿಗೆ ಮಡಚಿ ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ. ಮೂಟೆಗೆ ಹಗ್ಗ ಬಿಗಿಯುವವರು ಹಾಕುವಂಥ ಗಂಟು. ನನ್ನ ಶೆಡ್ಡಿನಲ್ಲಿ ಅದನ್ನು ಹಾಕುವವರು ಯಾರೂ ಇರಲಿಲ್ಲ. ಅಷ್ಟು ನೋಡಿಯೂ ನಾನು ಆ ಕಡ್ಡಿಯನ್ನು ಗುಜರಿ ಗುಡ್ಡೆಗೆ ಎಸೆದೆ.

ಉಕ್ಕು ಬಂತು. ನನ್ನ ಅಳತೆಯಲ್ಲೇ ಕತ್ತರಿಸಿದೆವು. ಎರಡು ಕ್ರಾಸು, ಪೈಪಿನ ಕೆಳಗೆ, ಒಂದು ಬೆರಳು ಸಂದು. ಬೆಟ್ಟಸ್ವಾಮಿ ಬೋಲ್ಟ್ ಬಿಗಿದ. ಗಾಡಿಯ ಮುಂಭಾಗ ಜಾಕಿನ ಮೇಲೆ ನಿಲ್ಲಿಸಿ ಸ್ಟೇರಿಂಗ್ ತಿರುಗಿಸಿದೆ. ಬಲಕ್ಕೆ ಪೂರ್ತಿ. ಎಡಕ್ಕೆ ಪೂರ್ತಿ. ಬೆಣ್ಣೆಯಲ್ಲಿ ಬೆರಳು ಆಡಿದ ಹಾಗೆ ಬಂತು. ನೋಡಿದೆಯಾ ಅಂದೆ. ಅವನು ತಲೆ ಆಡಿಸಿದ. ಇಂಜಿನ್ ನಿಂತಿತ್ತು ಆವಾಗ. ಪೈಪು ತಣ್ಣಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ.

ಆಯುಧಪೂಜೆಯ ಹಿಂದಿನ ರಾತ್ರಿ.

ಶೆಡ್ಡು ತೊಳೆದು, ಮಾವಿನ ತೋರಣ ಕಟ್ಟಿ ಮುಗಿಸಿದಾಗ ಹತ್ತೂವರೆ. ನಾನು ಬೀಗ ಹಾಕಿ ಹೋದೆ. ಬೆಟ್ಟಸ್ವಾಮಿ ಬಾವಿ ದಾಟಿ ಹೋಗಿದ್ದವನು ಮೊಬೈಲು ಮರೆತೆ ಅಂತ ತಿರುಗಿ ಬಂದ. ಕತ್ತಲೆಯಲ್ಲೇ ಬಂದ. ಮೊಬೈಲು ಶಟರ್ ಪಕ್ಕದ ಡ್ರಮ್ಮಿನ ಮೇಲೇ ಇತ್ತು. ತೆಗೆದುಕೊಂಡ.

ಟಿಕ್... ಟಿಕ್... ಟಿಕ್...

ಈ ಸಲ ಬಿಡುವಿಲ್ಲದೆ. ಆಮೇಲೆ ಟಕ್ ಅಂತ ಒಂದು. ದಪ್ಪ ಸದ್ದು, ಉಕ್ಕಿಗೆ ಉಕ್ಕು ತಾಗಿದ್ದು. ಅಲ್ಲಿಗೆ ನಿಂತಿತು. ಮತ್ತೆ ಹಿಂದಕ್ಕೆ ಟಿಕ್, ಟಿಕ್. ಮತ್ತೆ ಟಕ್.

ಅವನು ಶಟರಿನ ಸಂದಿಗೆ ಬಾಯಿ ಇಟ್ಟು, ಪಿಸುದನಿಯಲ್ಲಿ ಕೇಳಿದ.

"ಯಾರು... ಒಳಗೆ?"

ಸದ್ದು ನಿಂತಿತು. ಸೀಟಿನ ಸ್ಪ್ರಿಂಗು ಕುಂಯ್ ಅಂತು, ಯಾರೋ ಕೂತಲ್ಲೇ ತಿರುಗಿದ ಹಾಗೆ.

"ಎಡಕ್ ಬರ್ತಿಲ್ಲ ಕಣಪ್ಪ."

ವಯಸ್ಸಾದ ದನಿ. ಸುಸ್ತಾದ ದನಿ. ಹೆದರಿಸುವ ದನಿಯಲ್ಲ. ಕೆಲಸದವನು ಕೆಲಸದವನಿಗೆ ಹೇಳುವ ದನಿ.

"...ಏನು?"

"ತಿರುಗಿಸ್ದೆ. ಬರ್ತಿಲ್ಲ."

ಅಷ್ಟೇ.

ಅವನು ನನಗೆ ಫೋನ್ ಮಾಡಿದಾಗ ಹನ್ನೊಂದು ದಾಟಿತ್ತು. ಪಿಸುಗುಟ್ಟುತ್ತಲೇ ಹೇಳಿದ. ಶೆಡ್ಡಿನಿಂದ ದೂರ ಬಂದ ಮೇಲೂ ದನಿ ಏರಿಸಿರಲಿಲ್ಲ. ನಾನು ಕುಡಿದಿದೀಯ ಅಂತ ಕೇಳಿದೆ. ಅವನು ಹನಿ ಮುಟ್ಟದವನು ಅಂತ ನನಗೆ ಗೊತ್ತು. ನಾಳೆ ಬೆಳಿಗ್ಗೆ ಮಾತಾಡೋಣ, ಮಲಗು ಅಂತ ಇಟ್ಟುಬಿಟ್ಟೆ. ನನಗೂ ನಿದ್ದೆ ಬರಲಿಲ್ಲ. ನಿದ್ದೆ ಬರಲಿಲ್ಲ ಅಂತ ಮಾತ್ರ ಯಾರಿಗೂ ಹೇಳಲಿಲ್ಲ.

ಐದೂವರೆಗೆಲ್ಲ ಹೋಗಿ ಶೆಡ್ಡು ತೆಗೆದೆ. ಗಾಡಿಯ ಕೆಳಗೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಸ್ಪ್ಯಾನರು, ರಿಂಚು, ಸುತ್ತಿಗೆ, ಜಾಕು, ವೆಲ್ಡಿಂಗ್ ಹೋಲ್ಡರು... ಎಲ್ಲ ತೊಳೆದು ಕೆಂಪು ಬಟ್ಟೆಯ ಮೇಲೆ ಜೋಡಿಸಿದೆ. ವಿಭೂತಿ, ಕುಂಕುಮ, ಹೂವು. ಮಂಗಳಾರತಿ ಎತ್ತಿ ಬೂದುಗುಂಬಳ ಒಡೆದೆ. ನಮ್ಮ ಕಡೆ ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಎತ್ತುವುದಿಲ್ಲ. ಮರುದಿನ ವಿಜಯದಶಮಿಗೆ ಮತ್ತೆ ನೀರು ಚಿಮುಕಿಸಿಯೇ ಮುಟ್ಟುವುದು. ಅರ್ಜೆಂಟು ಅಂತ ಯಾರು ಬಂದು ಕಾಲಿಗೆ ಬಿದ್ದರೂ ನಾವು ಸ್ಪ್ಯಾನರ್ ಎತ್ತುವುದಿಲ್ಲ.

ಬೆಟ್ಟಸ್ವಾಮಿ ಬಂದದ್ದು ಪೂಜೆ ಮುಗಿದ ಮೇಲೆ. ಕಣ್ಣು ಕೆಂಪಗಿದ್ದವು. ಬಂದವನೇ ಗಾಡಿಯ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟ. ಹಾಗೇ ಬಗ್ಗಿಕೊಂಡೇ ಇದ್ದ.

ನಾನೂ ಬಗ್ಗಿದೆ.

ಗುಜರಿ ಗುಡ್ಡೆಗೆ ಎಸೆದಿದ್ದ ಆ ಬಿದಿರು ಅಲ್ಲಿತ್ತು. ಉಕ್ಕಿನ ದಂಡಕ್ಕೆ ಒಂದು ಗೇಣು ಕೆಳಗೆ, ಚಾಸಿಯ ಪಕ್ಕದಲ್ಲಿ, ಮೂರು ಗಂಟಿನಲ್ಲಿ, ಅಚ್ಚುಕಟ್ಟಾಗಿ ಕಟ್ಟಿತ್ತು.

ಅಷ್ಟು ಹೊತ್ತಿಗೆ ಹೊರಗೆ ಅನಂತರಾಜು ಹಾರ ಹಿಡಿದು ನಿಂತಿದ್ದ. ಆಗಲ್ಲ ಅಂದಿದ್ದ ಮೂರು ಗ್ಯಾರೇಜಿನವರನ್ನೂ ನಾನೇ ಕರೆದಿದ್ದೆ, ನೋಡಲಿ ಅಂತ. ಅವರೂ ಬಂದು ಕಾಫಿ ಕುಡಿಯುತ್ತಿದ್ದರು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಗಿತ್ತು.

"ಅಕ್ಕ, ಎರಡು ಬೋಲ್ಟ್ ಬಿಚ್ಚೋಣ," ಅಂದ ಬೆಟ್ಟಸ್ವಾಮಿ, ಯಾರಿಗೂ ಕೇಳಿಸದ ಹಾಗೆ. "ಸ್ಟಾರ್ಟ್ ಮಾಡಿ, ಬಿಸಿ ಮಾಡಿ, ಒಂದ್ ಸಲ ನೋಡೋಣ."

"ಪೂಜೆ ಆಗೋಗಿದೆ ಕಣೋ. ಇವತ್ತು ಸ್ಪ್ಯಾನರ್ ಮುಟ್ಟಂಗಿಲ್ಲ."

"ಹಂಗಾದ್ರೆ ಇವತ್ತು ಗಾಡಿ ಬ್ಯಾಡ."

ನಾನು ಹೊರಗೆ ನಿಂತವರ ಕಡೆ ನೋಡಿದೆ. ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಅಂದು ನಕ್ಕ. ಏನು ಅಂದನೋ ದೇವರಿಗೇ ಗೊತ್ತು. ನನಗೆ ಅಷ್ಟೇ ಸಾಕಾಯಿತು.

"ನಿಂಗೆ ಭಯ ಆದ್ರೆ ಬುಡು," ಅಂದೆ. "ನಾನೇ ಓಡಿಸ್ತೀನಿ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನನ್ನ ಕೈಯಿಂದ ಕೀಲಿ ತೆಗೆದುಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಸ್ಟೇರಿಂಗಿಗೆ ಕೈ ಮುಗಿದು ಹತ್ತಿ ಕೂತ. ನಾನು ಎಡಗಡೆ ಕೂತೆ. ನಿಂಬೆಹಣ್ಣು ಪಚ್ ಪಚ್ ಅಂತ ಒಡೆದವು. ಹೊರಗಿದ್ದವರು ಚಪ್ಪಾಳೆ ತಟ್ಟಿದರು.

ಆಂಜನೇಯನ ಗುಡಿಯವರೆಗೆ ಹೋಗಿ ಬರುವುದು, ಒಂದೂವರೆ ಕಿಲೋಮೀಟರು. ಮೊದಲ ಅರ್ಧ ನೇರ ದಾರಿ. ಇಂಜಿನ್ ಚೆನ್ನಾಗಿ ಗುರುಗುಟ್ಟುತ್ತಿತ್ತು. ಬಿಸಿ ಎಣ್ಣೆಯ ವಾಸನೆ, ಹೊಸ ಬಣ್ಣದ ವಾಸನೆ. ನಾನು ಮನಸ್ಸಿನಲ್ಲೇ ಗೆದ್ದಿದ್ದೆ. ಮುಂದೆ ಒಂದು ಮೋರಿ. ಅಲ್ಲಿ ದಾರಿ ಎಡಕ್ಕೆ ತಿರುಗುತ್ತೆ, ಸ್ವಲ್ಪ ಏರು. ಬೆಟ್ಟಸ್ವಾಮಿ ಏರಿಗೆ ಅಂತ ಆಕ್ಸಿಲರೇಟರ್ ಒತ್ತಿದ, ಎಡಕ್ಕೆ ತಿರುಗಿಸಿದ.

ಟಕ್.

ಕೇಳಿದೆ. ನನ್ನ ಕಾಲಿನ ಕೆಳಗೇ ಕೇಳಿದೆ. ಸ್ಟೇರಿಂಗ್ ಕಾಲು ಸುತ್ತು ಬಂದು ನಿಂತುಬಿಟ್ಟಿತು. ಅವನು ಎಳೆದ. ಬರಲಿಲ್ಲ. ಮೋರಿಯ ಕಲ್ಲುಗೋಡೆ ನೇರ ಎದುರಿಗೆ ಬರುತ್ತಿತ್ತು. ಅವನು ಕೂಗಲಿಲ್ಲ. ನನ್ನ ಕಡೆ ತಿರುಗಿ, ಪಿಸುದನಿಯಲ್ಲೇ ಅಂದ.

"ಅಕ್ಕ... ಎಡಕ್ ಬರ್ತಿಲ್ಲ."

ಬ್ರೇಕ್ ತುಳಿದು, ಎಡಗೈ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆದ. ಬಲಗೈ ಸ್ಟೇರಿಂಗಿನ ಕಂಬಿಗಳ ನಡುವೆ ಇತ್ತು. ಗೋಡೆಗೆ ಇನ್ನು ಎರಡು ಮಾರು. ಆಗ ಸ್ಟೇರಿಂಗ್ ಚಕ್ರ ತಿರುಗಿತು. ಒಂದೇ ಏಟಿಗೆ, ಎಡಕ್ಕೆ, ಪೂರ್ತಿ. ಕಟಾರ್ ಅಂತ ಕೆಳಗೆ ಏನೋ ಕಡಿದುಹೋಯಿತು. ಅದರ ಜೊತೆಗೇ ಇನ್ನೊಂದು ಸದ್ದು, ಹಸಿ ಕೋಲು ಮುರಿದ ಹಾಗೆ. ಗಾಡಿ ಹೊರಳಿ, ಬಲಮಗ್ಗುಲನ್ನು ಗೋಡೆಗೆ ಉಜ್ಜಿಕೊಂಡು ನಿಂತಿತು.

ಇಬ್ಬರೂ ಬದುಕಿದ್ದೆವು. ಎದುರಿಗೆ ಗುದ್ದಿದ್ದರೆ ಇರುತ್ತಿರಲಿಲ್ಲ. ಹಸಿ ಕೋಲಿನ ಹಾಗೆ ಮುರಿದದ್ದು ಬೆಟ್ಟಸ್ವಾಮಿಯ ಬಲ ಮಣಿಕಟ್ಟು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಆಟೋದಲ್ಲಿ ಅವನು ಒಂದೇ ಮಾತು ಹೇಳಿದ. ನಾನು ತಿರುಗಿಸಲಿಲ್ಲ ಅಕ್ಕ, ಕೈ ಸುಮ್ಮನೆ ಇಟ್ಟಿದ್ದೆ ಅಂದ. ಎರಡು ಸಲ ಹೇಳಿದ. ನಾನು ನೋಡಿದ್ದೆ. ಅವನ ತೋಳಿನಲ್ಲಿ ಬಲವೇ ಇರಲಿಲ್ಲ. ಚಕ್ರ ಅವನ ಕೈಯನ್ನು ಎಳೆದುಕೊಂಡು ತಿರುಗಿತು.

ಮರುದಿನ, ವಿಜಯದಶಮಿ, ಸ್ಪ್ಯಾನರುಗಳಿಗೆ ನೀರು ಚಿಮುಕಿಸಿ ಎತ್ತಿಕೊಂಡು ಶೆಡ್ಡಿಗೆ ಎಳೆಸಿ ತಂದಿದ್ದ ಗಾಡಿಯ ಕೆಳಗೆ ನಾನೊಬ್ಬಳೇ ಮಲಗಿದೆ. ಆಗಿದ್ದದ್ದು ಸ್ಪಷ್ಟವಾಗಿ ಕಂಡಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ತಾನು ಕೂತ ರಬ್ಬರಿನ ಮೇಲೆ ಬಲಕ್ಕೆ ವಾಲುತ್ತೆ. ಜೊತೆಗೆ ಸೈಲೆನ್ಸರ್ ಪೈಪೂ ಕೆಳಗಿಳಿಯುತ್ತೆ. ನಾನು ಬಿಟ್ಟಿದ್ದ ಒಂದು ಬೆರಳು ಸಂದು ಅಲ್ಲಿಗೆ ಮುಗಿಯುತ್ತೆ. ಎಡಕ್ಕೆ ತಿರುಗಿಸಿದಾಗ ಕ್ರಾಸಿನ ಬೋಲ್ಟಿನ ತಲೆ ಸರಿಯಾಗಿ ಪೈಪಿನ ಅಂಚಿಗೆ ಸಿಕ್ಕಿಕೊಂಡಿತ್ತು. ಇಲ್ಲಿಯವರೆಗೆ ದೆವ್ವ ಇಲ್ಲ. ಇದು ನನ್ನ ತಪ್ಪು. ಆದರೆ ಆ ಬೋಲ್ಟಿನ ತಲೆ ಚಾಕುವಿನಲ್ಲಿ ಕೊಯ್ದ ಹಾಗೆ ಹಾರಿಹೋಗಿತ್ತು. ಅಂಥ ಬೋಲ್ಟನ್ನು ಸ್ಟೇರಿಂಗ್ ತಿರುಗಿಸಿ ಕತ್ತರಿಸಬೇಕಾದರೆ ಎಷ್ಟು ಜನರ ತೋಳು ಬೇಕೋ ನನಗೆ ಗೊತ್ತಿಲ್ಲ.

ಮಧ್ಯಾಹ್ನ ಅನಂತರಾಜು ಬಂದ. ಜೊತೆಗೆ ಒಬ್ಬ ಮುದುಕಿ. ಹನುಮಂತಮ್ಮ ಅಂತ, ಅವರ ತೋಟದ ಮನೆಯಲ್ಲೇ ಇರುವವಳು. ಅವನು ತಲೆ ತಗ್ಗಿಸಿ ನಿಂತು ಹೇಳಿದ. ಮೂಟೆ ಬಿದ್ದು ದಂಡ ಸೊಟ್ಟಗಾದದ್ದಲ್ಲವಂತೆ. ಇವಳ ಗಂಡ ನರಸಯ್ಯ ಅವರ ತಾತನ ಕಾಲದ ಡ್ರೈವರು. ಕಾಯಿ ಹೇರಿಕೊಂಡು ಕುಣಿಗಲ್ ಕಡೆ ಹೋಗುವಾಗ ಒಂದು ಎಡ ತಿರುವಿನಲ್ಲಿ ಗಾಡಿ ಮರಕ್ಕೆ ಗುದ್ದಿತು, ಆ ದಂಡ ಎದೆಗೆ ಬಂತು. ಹೇಳಿದರೆ ಯಾರೂ ಗಾಡಿ ಮುಟ್ಟಲ್ಲ ಅಂತ ಹೇಳಲಿಲ್ಲ ಅಂದ.

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನಗೆ ಹೇಳಿದವರು ಇದ್ದರಲ್ಲ, ಅವರ ಮಾತನ್ನೇ ನಾನು ಕೇಳಿರಲಿಲ್ಲ.

ಹನುಮಂತಮ್ಮ ಗಾಡಿಯ ಸುತ್ತ ನಿಧಾನಕ್ಕೆ ಬಂದಳು. ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಒಳಗೆ ಇಣುಕಿದಳು. ಬಿದಿರು ಇನ್ನೂ ಅಲ್ಲೇ ಇತ್ತು. ಕೈ ಹಾಕಿ ನಡುವಿನ ಗಂಟನ್ನು ಮುಟ್ಟಿದಳು. ಬೆರಳಲ್ಲಿ ಸುತ್ತು ಎಣಿಸಿದಳು.

"ಇದ ಕಟ್ಟಿದ್ದು ಯಾರವ್ವ?"

"ಗೊತ್ತಿಲ್ಲ ಕಣಮ್ಮ," ಅಂದೆ.

ಆ ಶೆಡ್ಡಿನಲ್ಲಿ ನಿಂತು ಗೊತ್ತಿಲ್ಲ ಅಂತ ನಾನು ಹೇಳಿದ್ದು ಅದೇ ಮೊದಲು.

"ನಮ್ಮೋರು ಎಡಚ," ಅಂದಳು ಮುದುಕಿ. "ಕಾಯಿ ಮೂಟೆಗೆ ಹಿಂಗೇ ಸುತ್ತೋರು." ಆಮೇಲೆ, ನನಗಲ್ಲ, ಆ ಗಾಡಿಗೆ ಹೇಳುವ ಹಾಗೆ ಅಂದಳು. "ಆವತ್ತು ಸುದ್ದಿ ಕೇಳಿ ಓಡೋದೆ. ನನ್ ತೊಡೆ ಮ್ಯಾಲೆ ಅರ್ಧ ಗಂಟೆ ಜೀವ ಹಿಡ್ಕೊಂಡಿದ್ರು. ನೀರು ಕೇಳ್ಳಿಲ್ಲ, ಮಕ್ಕಳ್ನ ಕೇಳ್ಳಿಲ್ಲ. ಎಡಕ್ ಬರ್ಲಿಲ್ಲ ಕಣೆ, ತಿರುಗಿಸ್ದೆ ಕಣೆ... ಅದೊಂದೇ ಅಂತಿದ್ರು. ತಪ್ಪು ಅವರ್ದಲ್ಲ ಅಂತ ನನ್ ಕೈಲಿ ಹೇಳಿಸ್ಕೊಂಡ್ ಹೋಗೋಕೆ."

"ನೀವು ಹೇಳಿದ್ರಾ?"

ಅವಳು ಸೆರಗಿನಿಂದ ಆ ಗಂಟಿನ ಮೇಲಿನ ಧೂಳು ಒರೆಸಿದಳು.

ಗಾಡಿ ನನಗೆ ಬೇಡ, ನೀವೇ ಇಟ್ಟುಕೊಳ್ಳಿ ಅಂದ ಅನಂತರಾಜು. ಕೊತ್ತಗೆರೆಗೆ ವಾಪಸ್ಸು ಒಯ್ಯುವ ಧೈರ್ಯ ಅವನಿಗಿರಲಿಲ್ಲ. ಇಟ್ಟುಕೊಂಡೆ.

ಆಮೇಲೆ ಆ ದಂಡವನ್ನು ಹೊಸದಾಗಿ ಮಾಡಿದೆ. ಬಿದಿರು ತೋರಿಸಿದ ದಾರಿಯಲ್ಲೇ, ಒಂದು ನೂಲೂ ಆಚೀಚೆ ಮಾಡದೆ. ಮೂರು ಗಂಟು ಇದ್ದ ಕಡೆ ಮೂರು ಕ್ರಾಸು. ನಡುವಿನ ದಂಡ ಹಿಡಿಯೋಕೆ ಚಾಸಿಗೆ ಬ್ರಾಕೆಟ್ ಹಚ್ಚಿ ಬೇರಿಂಗು ಕೂರಿಸಿದೆ. ಬೆಟ್ಟಸ್ವಾಮಿ ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಡ್ರಮ್ಮಿನ ಮೇಲೆ ಕೂತಿದ್ದ. ಬ್ರಾಕೆಟ್ಟಿನ ವೆಲ್ಡಿಂಗ್ ನಾನೇ ಮಾಡಿದೆ. ಅವನ ವೆಲ್ಡಿಂಗಿನಷ್ಟು ಚಂದ ಬರಲಿಲ್ಲ. ಅವನು ಹೀಗೆ ಹಿಡಿ, ಹಾಗೆ ಹಿಡಿ ಅಂತ ಒಂದು ಮಾತೂ ಹೇಳಲಿಲ್ಲ. ಕೆಲಸ ಮುಗಿದ ಸಂಜೆ ನಾನು ತಪ್ಪಾಯಿತು ಕಣೋ ಅನ್ನಬೇಕು ಅಂತ ಬಾಯಿ ತೆಗೆದೆ. ಕಾಫಿ ಕುಡೀತೀಯ ಅಂತ ಕೇಳಿದೆ. ಬೇಡ ಅಂದ. ಬಾವಿಯ ಪಕ್ಕದಲ್ಲಿ ನಡೆದು ಹೋದ. ಮರುವಾರ ಸಂಸಾರ ಸಮೇತ ಹೆಬ್ಬೂರಿಗೆ ವಾಪಸ್ಸಾದ. ಮೂಳೆ ಕೂಡಿದೆ, ಬೆರಳು ಮಡಚುವುದಿಲ್ಲ. ಹೋಲ್ಡರ್ ಹಿಡಿಯಲಾರ. ಈಗ ಅಲ್ಲಿ ಹಾಲಿನ ಡೈರಿಯಲ್ಲಿ ಎಡಗೈಯಲ್ಲಿ ಚೀಟಿ ಬರೆಯುತ್ತಾನೆ.

ಇದೆಲ್ಲ ನಡೆದದ್ದು. ಇದರಲ್ಲಿ ಒಂದು ಅಕ್ಷರ ನಾನು ಕಟ್ಟಿ ಹೇಳಿದ್ದಲ್ಲ. ಇನ್ನೊಂದು ಇದೆ, ಅದನ್ನೂ ಇದ್ದ ಹಾಗೆ ಹೇಳಿಬಿಡುತ್ತೇನೆ. ಆ ಬೇರಿಂಗಿಗೆ ಗ್ರೀಸ್ ತುಂಬುವ ಒಂದು ಸಣ್ಣ ಮೂತಿ ಇದೆ, ನಿಪ್ಪಲ್ ಅನ್ನುತ್ತೇವೆ. ತಿಂಗಳಿಗೊಂದು ಸಲ ಗನ್ನಿನಿಂದ ಗ್ರೀಸ್ ಒತ್ತಬೇಕು, ಇಲ್ಲದಿದ್ದರೆ ಒಣಗಿ ಸದ್ದು ಮಾಡುತ್ತೆ. ಕೂರಿಸಿದ ದಿನ ಒತ್ತಿದ್ದು ಬಿಟ್ಟರೆ ಈ ಎರಡು ವರ್ಷದಲ್ಲಿ ನಾನು ಒತ್ತಿಲ್ಲ. ಶೆಡ್ಡಿನಲ್ಲಿ ಬೇರೆ ಯಾರೂ ಆ ಗಾಡಿ ಮುಟ್ಟುವುದಿಲ್ಲ. ಮೊನ್ನೆ ಅಮಾವಾಸ್ಯೆಯ ಮರುದಿನ ಬಗ್ಗಿ ನೋಡಿದೆ. ನಿಪ್ಪಲ್ಲಿನ ತುದಿಯಲ್ಲಿ ಹೊಸ ಗ್ರೀಸು, ಹೆಚ್ಚಾದದ್ದನ್ನು ಯಾರೋ ಬೆರಳಿನಲ್ಲಿ ಒರೆಸಿದ ಗುರುತು.

ಶೆಡ್ಡು ನನ್ನದು. ಅದರ ಕೆಳಗಿನ ಎಂಟು ಗುಂಟೆ ನೆಲ ನನ್ನದು. ಬಾವಿ, ಗಾಡಿ ಎತ್ತುವ ಎರಡು ಲಿಫ್ಟು, ನಾಲ್ಕು ಬೀರು ಪುಸ್ತಕ ನನ್ನವು. ಆ ಪಿಕಪ್ಪೂ ಈಗ ನನ್ನ ಹೆಸರಲ್ಲೇ ಇದೆ. ಎಡಕ್ಕೆ ಚೆನ್ನಾಗಿ ಬರುತ್ತೆ. ಅದಕ್ಕೆ ಕೊಟ್ಟದ್ದು ಬೆಟ್ಟಸ್ವಾಮಿಯ ಬಲಗೈ.